ಹಿತ್ತಿಲ ಸ್ಟ್ರಾಬೆರಿಗೆ ವಿಷದ ಹಂಗೇಕೆ?

ಪ್ಲಾಸ್ಟಿಕ್ ಹಾಳೆ ಹಾಸದೆ, ಔಷಧಿ ಸಿಂಪಡಿಸದೆ ಸ್ಟ್ರಾಬೆರಿ ಬೆಳೆಯಲಾಗದು ಎಂಬುದು ಸಸಿ ಮಾರುವವರ ಮಾತು. ಮಲೆನಾಡಿನಲ್ಲಿ ಮನೆಯ ಹಿಂದೆ ನಾಲ್ಕು ಗಿಡ ಇಟ್ಟವರೂ ಇದನ್ನೇ ನಂಬಿ ಅಂಗಡಿಗೆ ಓಡುತ್ತಿದ್ದಾರೆ.

ಈ ನಂಬಿಕೆ ಹುಟ್ಟಿದ್ದು ದೊಡ್ಡ ಹೊಲಗಳಲ್ಲಿ. ಕ್ಯಾಲಿಫೋರ್ನಿಯಾದಲ್ಲಿ ಒಂದೇ ನೆಲದಲ್ಲಿ ಮತ್ತೆ ಮತ್ತೆ ಸ್ಟ್ರಾಬೆರಿಯನ್ನೇ ನೆಟ್ಟಾಗ ಮಣ್ಣಿನಲ್ಲಿ ರೋಗದ ಶಿಲೀಂಧ್ರಗಳು ತುಂಬಿಕೊಂಡವು. ಅವನ್ನು ಕೊಲ್ಲಲು ಮಿಥೈಲ್ ಬ್ರೋಮೈಡ್ ಅನಿಲವನ್ನು ಮಣ್ಣಿಗೆ ಹಾಯಿಸಲಾಯಿತು. ಅದು ಓಝೋನ್ ಪದರವನ್ನು ತಿನ್ನುತ್ತದೆಂದು ತಿಳಿದ ಮೇಲೆ, ಮಾಂಟ್ರಿಯಲ್ ಒಪ್ಪಂದದಂತೆ ಮುಂದುವರಿದ ದೇಶಗಳು 2005ರ ಹೊತ್ತಿಗೆ ಅದನ್ನು ಕೈಬಿಡಬೇಕಿತ್ತು. ಅಲ್ಲಿನ ಸ್ಟ್ರಾಬೆರಿ ಹೊಲಗಳಿಗೆ ಮಾತ್ರ ವಿನಾಯಿತಿಯ ಮೇಲೆ ವಿನಾಯಿತಿ ದೊರೆತು, 2016ರವರೆಗೂ ಬಳಕೆ ನಡೆಯಿತು. ಒಂದು ಹಣ್ಣಿಗಾಗಿ ಆಕಾಶಕ್ಕೇ ತೂತು!

ಹಿತ್ತಿಲಿನಲ್ಲಿ ಮಡಿ ಬದಲಿಸಿದರೆ ಸಾಕು. ಬದನೆ, ಟೊಮೆಟೊ, ಮೆಣಸಿನಕಾಯಿ, ಆಲೂಗಡ್ಡೆ ಬೆಳೆದಲ್ಲಿ ಸ್ಟ್ರಾಬೆರಿ ನೆಡಬಾರದು; ಸೊರಗು ರೋಗ ಇವೆಲ್ಲಕ್ಕೂ ಸಮಾನ. ಮಲೆನಾಡಿನ ತುಸು ಹುಳಿ ಮಣ್ಣು ಇದಕ್ಕೆ ಒಗ್ಗುತ್ತದೆ, ಒಗ್ಗದಿರುವುದು ಮಳೆ. ಆದ್ದರಿಂದ ಮಳೆಯಬ್ಬರ ಇಳಿದ ಮೇಲೆ, ಅಕ್ಟೋಬರ್ ಹೊತ್ತಿಗೆ, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿದ ಏರುಮಡಿಯಲ್ಲಿ ಸಸಿ ನೆಡಬೇಕು. ಎಲೆ ಹೊಮ್ಮುವ ಸುಳಿ ಮಣ್ಣಿನ ಮಟ್ಟದಲ್ಲೇ ಇರಬೇಕು. ಹೂತರೆ ಕೊಳೆಯುತ್ತದೆ, ಮೇಲೆದ್ದರೆ ಬೇರು ಒಣಗುತ್ತದೆ. ಬೇರು ಮೇಲ್ಮಣ್ಣಿನಲ್ಲೇ ಹರಡುವುದರಿಂದ ಮುಚ್ಚಿಗೆ ಬೇಕೆಂಬುದು ನಿಜ. ಅದಕ್ಕೆ ಪ್ಲಾಸ್ಟಿಕ್ಕೇ ಏಕೆ? ಬತ್ತದ ಹುಲ್ಲಿದೆ, ದರಕಿದೆ. ಹಾಳೆ ಚೂರುಚೂರಾಗಿ ಮಣ್ಣಿನಲ್ಲಿ ಉಳಿಯುತ್ತದೆ, ದರಕು ಮಣ್ಣೇ ಆಗುತ್ತದೆ. (ಬೆಟ್ಟವನ್ನು ಗುಡಿಸಿ ತರಬೇಕೆಂದಲ್ಲ, ಅಂಗಳಕ್ಕೆ ಉದುರಿದ್ದೇ ಧಾರಾಳ.) ನೀರನ್ನು ಬೆಳಗ್ಗೆ, ಬುಡಕ್ಕೆ ಮಾತ್ರ ಕೊಡಬೇಕು. ಹೂವು, ಹಣ್ಣು ನೆನೆದರೆ ಬೂದು ಬೂಷ್ಟು ಬರುತ್ತದೆ. ಅಂಥ ಹಣ್ಣನ್ನು ಅಂದೇ ಕಿತ್ತು ದೂರ ಹೂಳುವುದಕ್ಕಿಂತ ಒಳ್ಳೆಯ ಔಷಧಿಯಿಲ್ಲ.

ವರ್ಷವೂ ಹೊಸ ಸಸಿ ಕೊಳ್ಳಬೇಕೆಂಬ ಲೆಕ್ಕ ಇಳುವರಿ ಎಣಿಸುವ ದೊಡ್ಡ ತೋಟದವರದು. ಕೊಯ್ಲು ಮುಗಿದ ಮೇಲೆ ತಾಯಿಗಿಡ ಹಬ್ಬುಬಳ್ಳಿ ಚಾಚಿ, ಗಿಣ್ಣಿನಲ್ಲಿ ಮರಿ ಕೊಡುತ್ತದೆ. ರೋಗವಿಲ್ಲದ ಗಿಡದ ಮರಿಯನ್ನು ಕುಂಡದಲ್ಲಿ ಬೇರೂರಿಸಿ, ಮಳೆಗಾಲದುದ್ದಕ್ಕೂ ಸೂರಿನಂಚಿನ ಬೆಳಕಿನಲ್ಲಿ ಕಾಯ್ದರೆ ಮುಂದಿನ ನಾಟಿಗೆ ಸಸಿ ಸಿದ್ಧ.

ಇಷ್ಟನ್ನು ಕೇಳಿ ಬೆಟ್ಟ ಸವರಿ ಎಕರೆಗಟ್ಟಲೆ ನೆಡಲು ಹೊರಡುವವರು 2003ರ ಸುಮಾರಿನ ವೆನಿಲ್ಲಾ ಹುಚ್ಚನ್ನು ನೆನೆಯಲಿ. ಬೆಲೆ ಏರಿದಾಗ ಬಳ್ಳಿ ಮಾರಿದವರು ಉಂಡರು, ಬೆಲೆ ಕುಸಿದಾಗ ಬೆಳೆದವರು ಬಳ್ಳಿ ಕಿತ್ತರು. ವೆನಿಲ್ಲಾ ಕೋಡನ್ನಾದರೂ ಒಣಗಿಸಿ ಇಡಬಹುದಿತ್ತು. ಕೊಯ್ದ ಸ್ಟ್ರಾಬೆರಿ ಘಟ್ಟದ ರಸ್ತೆಯಲ್ಲಿ ಕುಲುಕಿ ಪೇಟೆ ಸೇರುವ ಹೊತ್ತಿಗೆ ಅರ್ಧ ರಸವಾಗಿರುತ್ತದೆ. ಶಾಲೆಯಿಂದ ಬಂದ ಮಕ್ಕಳು ತೊಳೆಯದೆಯೇ ಕಿತ್ತು ತಿನ್ನಲು ಹತ್ತಿಪ್ಪತ್ತು ಗಿಡ ಸಾಕು.