ಮಗನ ಚೀಟಿಯ ಮೊದಲ ಸಾಲು

ಪರೀಕ್ಷೆ ಮುಗಿದಿದೆ. ಎರಡು ವರ್ಷಗಳ ಈದಿ, ರಜೆಯಲ್ಲಿ ಚಿಕ್ಕಪ್ಪನ ಅಂಗಡಿಯಲ್ಲಿ ಕುಳಿತು ಗಳಿಸಿದ್ದು, ನಾನಿ ಗುಟ್ಟಾಗಿ ಕೈಗಿಟ್ಟದ್ದು, ಎಲ್ಲವನ್ನೂ ಒಂದು ಡಬ್ಬಿಯಲ್ಲಿ ಕೂಡಿಸಿಟ್ಟಿರುವ ನಿಮ್ಮ ಮಗ ಒಂದು ಸಂಜೆ ಅಡುಗೆಮನೆಯ ಬಾಗಿಲಿಗೆ ಬಂದು ನಿಲ್ಲುತ್ತಾನೆ. ಕೈಯಲ್ಲೊಂದು ಚೀಟಿ. ಬಿಡಿಭಾಗಗಳನ್ನು ತಂದು, ಗೇಮ್ ಆಡಲು ಬರುವಂಥ ಕಂಪ್ಯೂಟರನ್ನು ತಾನೇ ಜೋಡಿಸಬೇಕೆಂಬುದು ಅವನ ಆಸೆ. "ಅರ್ಧ ಹಣ ನನ್ನ ಹತ್ತಿರ ಇದೆ ಅಮ್ಮಿ, ಉಳಿದರ್ಧ ನೀವು ಕೊಟ್ಟರೆ ಸಾಕು" ಎನ್ನುತ್ತಾನೆ.

"ಅಬ್ಬಾನನ್ನು ಕೇಳು" ಎನ್ನುತ್ತೀರಿ ನೀವು. "ಅಮ್ಮಿ ಒಪ್ಪಿದರೆ ಸರಿ" ಎನ್ನುತ್ತಾರೆ ಅಬ್ಬಾ. ಚೀಟಿ ತಿರುಗಿ ನಿಮ್ಮ ಕೈಗೇ ಬರುತ್ತದೆ.

ಕಂಪ್ಯೂಟರ್ ಬೇಕೇ ಬೇಡವೇ, ದಿನಕ್ಕೆ ಎಷ್ಟು ಹೊತ್ತು ಆಡಬಹುದು ಎಂಬುದು ನಿಮ್ಮ ಮನೆಯ ತೀರ್ಮಾನ. ನೀವು ಒಪ್ಪಿದ್ದೀರಿ ಎಂದೇ ಇಟ್ಟುಕೊಂಡು, ಈ ತಿಂಗಳು ಆ ಚೀಟಿಯ ಮೊದಲ ಸಾಲನ್ನಷ್ಟೇ ಕೂಡಿ ಓದೋಣ. ಅಲ್ಲಿ 'ಪ್ರೊಸೆಸರ್' ಎಂದು ಬರೆದಿರುತ್ತದೆ. ಹಾವೇರಿಯಲ್ಲಿ ಹೊಲಿಗೆ ಹೊಲಿದು ಉಳಿಸಿದ ಹಣವಾಗಲಿ, ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸಿ ಕೂಡಿಟ್ಟ ಹಣವಾಗಲಿ, ಈ ಒಂದು ಸಾಲು ತಪ್ಪಿದರೆ ಉಳಿದ ಸಾಲುಗಳೂ ಅದರ ಹಿಂದೆಯೇ ತಪ್ಪುತ್ತವೆ. 'ಇದೆಲ್ಲ ನನಗೆ ತಿಳಿಯುವುದಿಲ್ಲ' ಎಂದು ಚೀಟಿಯನ್ನು ಹಿಂದಿರುಗಿಸಬೇಡಿ ಸಹೋದರಿಯರೇ. ಸೊಂಟದ ಗಂಟು ಬಿಚ್ಚುವವರು ತಿಳಿದು ಬಿಚ್ಚಬೇಕು. ಇದು ತಿಳಿಯದಷ್ಟು ಕಷ್ಟದ ವಿಷಯವೂ ಅಲ್ಲ.

ಇದರ ಕೆಲಸವೇನು?

ಗೇಮ್ ಎಂದರೆ ಒಂದರ ಹಿಂದೊಂದು ವೇಗವಾಗಿ ಬರುವ ಚಿತ್ರಗಳು. ಸಾಮಾನ್ಯ ಮಾನಿಟರ್ ಸೆಕೆಂಡಿಗೆ 60 ಚಿತ್ರಗಳನ್ನು ತೋರಿಸುತ್ತದೆ. ಆ ಚಿತ್ರಗಳನ್ನು ಬರೆಯುವುದು ಗ್ರಾಫಿಕ್ಸ್ ಕಾರ್ಡ್. ಆದರೆ ಏನನ್ನು ಬರೆಯಬೇಕೆಂದು ಹೇಳುವುದು ಪ್ರೊಸೆಸರ್. ಯಾರು ಎಲ್ಲಿ ನಿಂತಿದ್ದಾರೆ, ಚೆಂಡು ಯಾವ ಕಡೆ ಉರುಳಿತು, ಬಾಗಿಲು ತೆರೆಯಿತೇ ಇಲ್ಲವೇ, ಈ ಲೆಕ್ಕವೆಲ್ಲ ಅದರದು. ಸೆಕೆಂಡಿಗೆ 60 ಚಿತ್ರ ಬೇಕಾದರೆ ಒಂದೊಂದು ಚಿತ್ರದ ಲೆಕ್ಕಕ್ಕೆ ಸಿಗುವ ಸಮಯ ಸೆಕೆಂಡಿನ ಅರವತ್ತನೇ ಒಂದು ಭಾಗ ಮಾತ್ರ.

ವಲೀಮಾದ ಅಡುಗೆಯನ್ನು ನೆನಪಿಸಿಕೊಳ್ಳಿ. ಮುಖ್ಯ ಅಡುಗೆಯವರು ಹೇಳುತ್ತಿರಬೇಕು, ಉಳಿದವರು ಮಾಡುತ್ತಿರಬೇಕು. ಹೇಳುವವರು ನಿಧಾನವಾದರೆ ಮಾಡುವವರು ಕೈಕಟ್ಟಿ ನಿಲ್ಲುತ್ತಾರೆ. ಮಾಡುವವರು ಕಡಿಮೆಯಾದರೆ ಹೇಳುವವರು ಎಷ್ಟು ಚುರುಕಾಗಿದ್ದರೂ ಊಟ ತಡವಾಗುತ್ತದೆ. ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡಿನ ಸಂಬಂಧ ಇಂಥದ್ದೇ.

ನಮ್ಮ ಭಾಗದ ಹೆಣ್ಣುಮಕ್ಕಳಿಗೆ ಇದನ್ನು ಇನ್ನೂ ಸುಲಭವಾಗಿ ಹೇಳಬಹುದು. 2011ರಲ್ಲಿ ಭೌಗೋಳಿಕ ಗುರುತು ಪಡೆದ ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ಅದಕ್ಕೇ ಖಾರದ ಪುಡಿ ಮಾಡಿಸುವಾಗ ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಗುಂಟೂರು ಎಂದು ಹದ ನೋಡಿ ಹಾಕುತ್ತೀರಿ. ದುಬಾರಿಯೆಂದು ಒಂದನ್ನೇ ಸುರಿದರೆ ಪುಡಿ ಕೆಡುತ್ತದೆ. ಗೇಮಿಂಗ್ ಕಂಪ್ಯೂಟರಿನಲ್ಲಿ ಮೊದಲ ಸಲ ಹಣ ಹಾಕುವವರು ಮಾಡುವ ದೊಡ್ಡ ತಪ್ಪೂ ಇದೇ. ದೊಡ್ಡ ಹೆಸರಿನ ಪ್ರೊಸೆಸರಿಗೆ ಹಣವೆಲ್ಲ ಸುರಿದು, ಕೊನೆಗೆ ಸಣ್ಣ ಗ್ರಾಫಿಕ್ಸ್ ಕಾರ್ಡಿಗೆ ಒಪ್ಪಿಕೊಳ್ಳುತ್ತಾರೆ. ದೊಡ್ಡ ಗೇಮ್ ಆಡುವ ಮೊದಲ ಕಂಪ್ಯೂಟರಿಗೆ, ಪ್ರೊಸೆಸರಿಗೆ ಒಂದು ಪಾಲು ಹಾಕಿದರೆ ಗ್ರಾಫಿಕ್ಸ್ ಕಾರ್ಡಿಗೆ ಸುಮಾರು ಎರಡು ಪಾಲು ಹಾಕುವುದು ಒಳ್ಳೆಯ ಹದ.

ಹೆಸರಿಗೆ ಮರುಳಾಗಬೇಡಿ

ಚೀಟಿಯ ಮೊದಲ ಸಾಲಿನಲ್ಲಿ 'ಐ7' ಎಂದಿದ್ದರೆ ಸ್ವಲ್ಪ ತಡೆಯಿರಿ. ಇಂಟೆಲ್ ಕಂಪೆನಿಯ ಪ್ರೊಸೆಸರುಗಳಲ್ಲಿ ಐ3, ಐ5, ಐ7 ಎಂಬ ದರ್ಜೆಗಳಿದ್ದವು. ಏಳು ಐದಕ್ಕಿಂತ ದೊಡ್ಡದು, ಐದು ಮೂರಕ್ಕಿಂತ ದೊಡ್ಡದು ಎಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ಈ ಲೆಕ್ಕ ಒಂದೇ ಪೀಳಿಗೆಯೊಳಗೆ ಮಾತ್ರ ನಿಜ. ದರ್ಜೆಯ ಪಕ್ಕದಲ್ಲಿರುವ ಅಂಕಿಯೇ ಪೀಳಿಗೆಯನ್ನು ಹೇಳುವುದು. ಐ7-4770 ಎಂದಿದ್ದರೆ ಅದು ನಾಲ್ಕನೇ ಪೀಳಿಗೆ, 2013ರದು. ಐ3-12100 ಎಂದರೆ ಹನ್ನೆರಡನೇ ಪೀಳಿಗೆ, 2022ರದು. ಎರಡರಲ್ಲೂ ಇರುವುದು ನಾಲ್ಕೇ ಕೋರ್. ಆದರೂ ಆ ಹೊಸ ಐ3ರ ಮುಂದೆ ಹಳೆಯ ಐ7 ನಿಲ್ಲುವುದಿಲ್ಲ. ಕಚೇರಿಗಳಿಂದ ಹೊರಬಂದ ಹಳೆಯ ಕಂಪ್ಯೂಟರಿಗೆ ಬಣ್ಣದ ದೀಪವಿರುವ ಹೊಸ ಪೆಟ್ಟಿಗೆ ತೊಡಿಸಿ, 'ಐ7 ಗೇಮಿಂಗ್' ಎಂದು ಮಾರುವುದುಂಟು.

ಇನ್ನೊಂದು ತೊಂದರೆಯೂ ಇದೆ. ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ವಿಂಡೋಸ್ 11 ಅಧಿಕೃತವಾಗಿ ನಡೆಯಬೇಕಾದರೆ ಇಂಟೆಲ್‌ನ ಎಂಟನೇ ಪೀಳಿಗೆ ಅಥವಾ ಎಎಂಡಿಯ ರೈಜನ್ 2000 ಸರಣಿಯಿಂದ ಈಚೆಗಿನದು ಬೇಕು. ಮಕ್ಕಳು ಬಹಳ ಆಡುವ ವಾಲರಂಟ್ ಗೇಮ್ ವಿಂಡೋಸ್ 11ರಲ್ಲಿ ತೆರೆಯಬೇಕಾದರೆ ಟಿಪಿಎಂ 2.0 ಎಂಬ ಭದ್ರತಾ ಏರ್ಪಾಟೂ ಇರಬೇಕು. ಹಳೆಯ ಐ7 ತಂದ ಹುಡುಗ ಮೊದಲ ದಿನವೇ ಬಾಗಿಲ ಹೊರಗೆ ನಿಂತಂತಾಗುತ್ತದೆ.

ಒಲೆ ಎಷ್ಟು, ಮಸಾಲೆ ಡಬ್ಬಿ ಎಷ್ಟು?

ಕೋರ್ ಎಂದರೆ ಒಲೆ ಎಂದುಕೊಳ್ಳಿ. ಒಲೆಗಳು ಹೆಚ್ಚಿದ್ದರೆ ಒಮ್ಮೆಲೇ ಹೆಚ್ಚು ಅಡುಗೆ. ಆದರೆ ಜೋಳದ ರೊಟ್ಟಿ ತಟ್ಟುವ ಕೈ ಒಂದೇ ಆಗಿದ್ದರೆ ಹದಿನಾರು ಒಲೆ ಹಚ್ಚಿ ಫಲವೇನು? ಗೇಮ್‌ಗಳಲ್ಲಿ ಒಂದರ ನಂತರ ಒಂದಾಗಿಯೇ ಮಾಡಬೇಕಾದ ಲೆಕ್ಕ ಬಹಳ. ಆದ್ದರಿಂದ ಕೋರ್‌ಗಳ ಸಂಖ್ಯೆಗಿಂತ ಒಂದೊಂದು ಕೋರಿನ ಚುರುಕು ಮುಖ್ಯ. ಮೊದಲ ಕಂಪ್ಯೂಟರಿಗೆ ಈಚಿನ ಪೀಳಿಗೆಯ ಆರು ಕೋರ್ ಧಾರಾಳ. ಎಎಂಡಿಯ ರೈಜನ್ 5 5600, ರೈಜನ್ 5 7600, ಇಂಟೆಲ್‌ನ ಐ5-12400ಎಫ್ ಈ ಮೂರೂ ಆರು ಕೋರಿನವು. ಕೈ ತೀರಾ ಬಿಗಿಯಾಗಿದ್ದರೆ ನಾಲ್ಕು ಕೋರಿನ ಐ3-12100ಎಫ್ ಕೂಡ ನಡೆಯುತ್ತದೆ.

ಕ್ಯಾಶ್ ಎಂಬುದು ಕೈಗೆಟಕುವ ಮಸಾಲೆ ಡಬ್ಬಿ. ಅದರಲ್ಲಿ ಸಿಗದ್ದಕ್ಕೆ ಉಗ್ರಾಣಕ್ಕೆ, ಅಂದರೆ ಮೆಮೊರಿಗೆ, ಹೋಗಿ ಬರಬೇಕು. ಎಎಂಡಿಯವರು 2022ರಲ್ಲಿ ತಂದ ರೈಜನ್ 7 5800ಎಕ್ಸ್3ಡಿ ಎಂಬುದರಲ್ಲಿ ಈ ಡಬ್ಬಿಯನ್ನು 96 ಎಂಬಿಗೆ ಹಿಗ್ಗಿಸಿದ್ದರು. ಅಷ್ಟರಿಂದಲೇ ಅದು ಗೇಮ್‌ಗಳಲ್ಲಿ ಮುಂದೆ ಹೋಯಿತು. ಆದರೆ 60 ಚಿತ್ರಗಳ ಸಾಮಾನ್ಯ ಮಾನಿಟರ್ ಇಟ್ಟುಕೊಂಡವರಿಗೆ ಅಂಥ ದುಬಾರಿ ಡಬ್ಬಿಯ ಲಾಭ ಕಣ್ಣಿಗೆ ಕಾಣುವುದೇ ಕಡಿಮೆ.

ಮುಂದಿನ ದಾರಿ ತೆರೆದಿದೆಯೇ?

ಪ್ರೊಸೆಸರ್ ಒಂಟಿಯಾಗಿ ಬರುವುದಿಲ್ಲ. ಅದು ಕೂರುವ ಸಾಕೆಟ್ಟು ಮದರ್‌ಬೋರ್ಡನ್ನು ತೀರ್ಮಾನಿಸುತ್ತದೆ, ಮದರ್‌ಬೋರ್ಡು ಮೆಮೊರಿಯನ್ನು ತೀರ್ಮಾನಿಸುತ್ತದೆ. ಎಎಂಡಿಯ ಎಎಂ4 ಸಾಕೆಟ್ಟಿಗೆ ಡಿಡಿಆರ್4 ಮೆಮೊರಿ, 2022ರಲ್ಲಿ ಬಂದ ಎಎಂ5ಕ್ಕೆ ಡಿಡಿಆರ್5. ಆದ್ದರಿಂದ ಪ್ರೊಸೆಸರಿನ ಬೆಲೆಯೊಂದನ್ನೇ ಹೋಲಿಸದೆ, ಪ್ರೊಸೆಸರ್, ಬೋರ್ಡ್, ಮೆಮೊರಿ ಮೂರನ್ನೂ ಕೂಡಿಸಿ ಹೋಲಿಸಬೇಕು. 2025ರ ಕೊನೆಯ ತಿಂಗಳುಗಳಲ್ಲಿ ಮೆಮೊರಿಯ ಬೆಲೆ ಜಗತ್ತಿನಾದ್ಯಂತ ಏರಿದಾಗ ಇದನ್ನು ಮರೆತವರ ಲೆಕ್ಕವೆಲ್ಲ ತಲೆಕೆಳಗಾಯಿತು.

2017ರಲ್ಲಿ ಎಎಂ4 ಬೋರ್ಡು ಕೊಂಡವರಲ್ಲಿ ಅನೇಕರು, ಬೋರ್ಡಿನ ಬಯಾಸ್ ಎಂಬ ಮೂಲ ತಂತ್ರಾಂಶವನ್ನು ನವೀಕರಿಸಿ, 2022ರ ಪ್ರೊಸೆಸರನ್ನು ಅದೇ ಬೋರ್ಡಿಗೆ ಹಾಕಿಕೊಂಡರು. ಐದು ವರ್ಷದ ಹಿಂದಿನ ಖರ್ಚು ನೀರಾಗಲಿಲ್ಲ. ಈಗ ಆ ಎಎಂ4ರ ದಾರಿ ಕೊನೆಗೆ ಬಂದಿದೆ. ಇಂಟೆಲ್‌ನ 12, 13, 14ನೇ ಪೀಳಿಗೆಗಳು ಕೂರುವ ಎಲ್‌ಜಿಎ1700ರದೂ ಅಷ್ಟೇ. 2024ರ ಕೋರ್ ಅಲ್ಟ್ರಾ ಪ್ರೊಸೆಸರುಗಳಿಗೆ ಇಂಟೆಲ್ ಬೇರೆ ಸಾಕೆಟ್ಟನ್ನೇ ತಂದಿತು. ಎಎಂ5ಕ್ಕೆ 2027ರವರೆಗೆ ಮತ್ತು ಅದರಾಚೆಗೂ ಬೆಂಬಲ ಕೊಡುವುದಾಗಿ ಎಎಂಡಿ 2024ರಲ್ಲಿ ಹೇಳಿದೆ. ಹೀಗಾಗಿ ಲೆಕ್ಕ ಸರಳ. 'ಇದೊಂದೇ ಸಲ ಹಣ ಹಾಕುವುದು, ನಾಲ್ಕೈದು ವರ್ಷ ಕೇಳಬೇಡ' ಎನ್ನುವ ಮನೆಗೆ ಹಳೆಯ ಸಾಕೆಟ್ಟಿನ ಅಗ್ಗದ ಜೋಡಿ ಸಾಕು. 'ಈಗಿಷ್ಟು, ಮುಂದೆ ಇನ್ನಷ್ಟು' ಎನ್ನುವ ಮನೆಗೆ ಎಎಂ5 ಲೇಸು.

ಹಣ ಎರಡು ಕಂತಿನಲ್ಲಿ ಬರುವುದಾದರೆ

2024ರ ಮಾರ್ಚ್‌ನಲ್ಲಿ ಮೆಣಸಿನಕಾಯಿ ದರ ಕುಸಿದು ಬ್ಯಾಡಗಿ ಮಾರುಕಟ್ಟೆಯಲ್ಲಿ ಎಂಥ ಗಲಾಟೆಯಾಯಿತೆಂದು ನೀವು ಮರೆತಿರಲಿಕ್ಕಿಲ್ಲ. ನಮ್ಮ ಭಾಗದ ಬಹಳಷ್ಟು ಮನೆಗಳಲ್ಲಿ ಹಣ ಸುಗ್ಗಿ ನೋಡಿ ಬರುತ್ತದೆ. ಅಂಥ ಮನೆಗಳಿಗೆ ಪ್ರೊಸೆಸರಿನ ಹೆಸರಿನ ಕೊನೆಯ ಅಕ್ಷರ ಬಹಳ ಮುಖ್ಯ.

ಇಂಟೆಲ್‌ನಲ್ಲಿ ಕೊನೆಗೆ 'ಎಫ್' ಇದ್ದರೆ ಅದರೊಳಗೆ ಚಿತ್ರ ತೋರಿಸುವ ಶಕ್ತಿಯೇ ಇಲ್ಲ. ಬೇರೆ ಗ್ರಾಫಿಕ್ಸ್ ಕಾರ್ಡಿಲ್ಲದೆ ತಂದರೆ ಪರದೆ ಕಪ್ಪಾಗಿಯೇ ಉಳಿಯುತ್ತದೆ. ಎಎಂಡಿಯ ರೈಜನ್ 5 5600ರದೂ ಇದೇ ಕತೆ. 'ಜಿ' ಇದ್ದರೆ ಒಳಗೇ ಒಂದಿಷ್ಟು ಒಳ್ಳೆಯ ಗ್ರಾಫಿಕ್ಸ್ ಇದೆ. ರೈಜನ್ 5 5600ಜಿ ಅಥವಾ ಎಎಂ5ರ ರೈಜನ್ 5 8600ಜಿ ತಂದರೆ ಕಾರ್ಡಿಲ್ಲದೆಯೇ ವಾಲರಂಟ್, ಮೈನ್‌ಕ್ರಾಫ್ಟ್‌ನಂಥ ಹಗುರ ಗೇಮ್ ಆಡಬಹುದು, ಓದಿಗೂ ಬಳಸಬಹುದು. ಮುಂದಿನ ಸುಗ್ಗಿಗೆ ಕಾರ್ಡ್ ಸೇರಿಸಬಹುದು. ಆದರೆ ಮೆಮೊರಿಯನ್ನು ಒಂದೇ ದೊಡ್ಡ ಪಟ್ಟಿಯಾಗಿ ತರದೆ ಎರಡು ಪಟ್ಟಿಯಾಗಿ ತರಬೇಕು. ಒಳಗಿನ ಗ್ರಾಫಿಕ್ಸ್ ಆ ಮೆಮೊರಿಯನ್ನೇ ಹಂಚಿಕೊಳ್ಳುವುದರಿಂದ ಎರಡು ದಾರಿಯಿದ್ದರೆ ಅದಕ್ಕೆ ಸಲೀಸು.

ಇದಕ್ಕೊಂದು ಬೆಲೆಯೂ ಇದೆ, ಮುಚ್ಚಿಡಬಾರದು. 5600ರಲ್ಲಿ 32 ಎಂಬಿ ಕ್ಯಾಶ್ ಇದ್ದರೆ 5600ಜಿಯಲ್ಲಿ ಇರುವುದು 16 ಎಂಬಿ. ಮುಂದೆ ಒಳ್ಳೆಯ ಕಾರ್ಡ್ ಹಾಕಿದಾಗ 'ಜಿ' ಸ್ವಲ್ಪ ಹಿಂದೆ ಬೀಳುತ್ತದೆ. ಹಣ ಒಂದೇ ಸಲ ಕೈಯಲ್ಲಿದ್ದರೆ 'ಜಿ' ಬೇಡ. ಕಂತಿನಲ್ಲಿ ಬರುವುದಾದರೆ 'ಜಿ'ಯೇ ಸರಿ. ಇಂಟೆಲ್‌ನ 'ಕೆ' ಮೊದಲ ಸಲದವರಿಗೆ ಬೇಡವೇ ಬೇಡ. ಅದರ ಜೊತೆ ತಂಪುಮಾಡುವ ಫ್ಯಾನ್ ಬರುವುದಿಲ್ಲ, ಶಾಖವೂ ಹೆಚ್ಚು. ಮೇಲೆ ಹೇಳಿದ ಆರು ಕೋರಿನವುಗಳ ಡಬ್ಬಿಯಲ್ಲಿ ಫ್ಯಾನ್ ಇರುತ್ತದೆ. ನಮ್ಮ ಬೇಸಿಗೆಗೂ ಧೂಳಿಗೂ ಅದನ್ನು ಆಗಾಗ ಒರೆಸಿಕೊಂಡರೆ ಆಯಿತು.

ಡಬ್ಬಿ, ಬಿಲ್ಲು, ಬೆಳಗಿದ ಪರದೆ

ರಾಣೆಬೆನ್ನೂರಿನವರಿಗೆ ಬೀಜ ಕೊಳ್ಳುವುದನ್ನು ಯಾರೂ ಕಲಿಸಬೇಕಿಲ್ಲ. ಲೇಬಲ್ ನೋಡಿ, ಲಾಟ್ ನಂಬರ್ ನೋಡಿ, ಬಿಲ್ಲು ಪಡೆದೇ ಅಂಗಡಿಯಿಂದ ಇಳಿಯುತ್ತಾರೆ. ಬಿಡಿ ಬೀಜ ಅಗ್ಗವಾದರೂ ಮೊಳೆಯದಿದ್ದರೆ ಕೇಳುವವರಿಲ್ಲ. ಪ್ರೊಸೆಸರಿಗೂ ಇದೇ ನಿಯಮ. ಕಂಪೆನಿಯ ಮುಚ್ಚಿದ ಡಬ್ಬಿಯಲ್ಲಿ ಬಂದದ್ದಕ್ಕೆ ಇಂಟೆಲ್ ಆಗಲಿ ಎಎಂಡಿಯಾಗಲಿ ಸಾಮಾನ್ಯವಾಗಿ ಮೂರು ವರ್ಷದ ವಾರಂಟಿ ಕೊಡುತ್ತವೆ. 'ಟ್ರೇ' ಎಂದು ಕರೆಯುವ ಡಬ್ಬಿಯಿಲ್ಲದ ಸರಕಿಗೆ ಅಂಗಡಿಯವರ ಮಾತೇ ವಾರಂಟಿ. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತರಿಸಿದರೆ, ಕೆಟ್ಟಾಗ ಆ ಮಾತನ್ನು ಹಿಡಿದು ಮುನ್ನೂರಕ್ಕೂ ಹೆಚ್ಚು ಕಿಲೋಮೀಟರ್ ಹೋಗಬೇಕು.

ಬಳಸಿದ 13 ಮತ್ತು 14ನೇ ಪೀಳಿಗೆಯ ಇಂಟೆಲ್ ಪ್ರೊಸೆಸರ್ ಅಗ್ಗಕ್ಕೆ ಸಿಕ್ಕರೆ ಎರಡು ಸಲ ಯೋಚಿಸಿ. ಅವುಗಳಲ್ಲಿ ಕೆಲವು ಹೆಚ್ಚಿನ ವೋಲ್ಟೇಜಿನಿಂದ ಕಾಲಕ್ರಮೇಣ ಅಸ್ಥಿರವಾಗುತ್ತವೆಂದು 2024ರಲ್ಲಿ ಕಂಪೆನಿಯೇ ಒಪ್ಪಿ, ಸರಿಪಡಿಸುವ ತಂತ್ರಾಂಶ ಕೊಟ್ಟು, ಡಬ್ಬಿಯಲ್ಲಿ ಮಾರಿದವುಗಳ ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು. ಆದರೆ ಆಗಲೇ ಆದ ಹಾನಿ ತಂತ್ರಾಂಶದಿಂದ ಮರಳುವುದಿಲ್ಲ.

ಕೊನೆಯದಾಗಿ, ಹಳೆಯ ಬೋರ್ಡಿಗೆ ಹೊಸ ಪ್ರೊಸೆಸರ್ ಹಾಕಿದರೆ, ಆ ಬಯಾಸ್ ನವೀಕರಿಸದ ಹೊರತು ಕಂಪ್ಯೂಟರ್ ಏಳದಿರಬಹುದು. ಆದ್ದರಿಂದ ಹಣ ಎಣಿಸುವ ಮುನ್ನ ಪ್ರೊಸೆಸರ್, ಬೋರ್ಡ್, ಮೆಮೊರಿ ಮೂರನ್ನೂ ಅಂಗಡಿಯಲ್ಲೇ ಜೋಡಿಸಿ ಪರದೆ ಬೆಳಗಿಸಿ ತೋರಿಸಲು ಹೇಳಿ. ಆಮೇಲೆ ಬೇಕಾದರೆ ಬಿಚ್ಚಿಕೊಡಲಿ, ಮಗ ಮನೆಯಲ್ಲಿ ಮತ್ತೆ ಜೋಡಿಸಲಿ.

ಈಗ ಚೀಟಿಯನ್ನು ಮತ್ತೆ ಕೈಗೆತ್ತಿಕೊಳ್ಳಿ. ಮಗನನ್ನು, ಆಸೆ ಮಗಳದಾಗಿದ್ದರೆ ಅವಳನ್ನು, ಎದುರು ಕೂರಿಸಿಕೊಂಡು ನಾಲ್ಕೇ ಪ್ರಶ್ನೆ ಕೇಳಿ. ಇದು ಯಾವ ಪೀಳಿಗೆ, ಯಾವ ವರ್ಷದ್ದು? ಕೊನೆಯ ಅಕ್ಷರವೇನು, ಕಾರ್ಡಿಲ್ಲದೆ ಪರದೆ ಬೆಳಗುತ್ತದೆಯೇ? ಯಾವ ಸಾಕೆಟ್, ಮುಂದೆ ದಾರಿ ಇದೆಯೇ? ಡಬ್ಬಿ ಮತ್ತು ಬಿಲ್ಲು ಸಿಗುತ್ತದೆಯೇ? ಉತ್ತರ ಗೊತ್ತಿದ್ದರೆ ಅವನು ನಿಜಕ್ಕೂ ಓದಿಕೊಂಡು ಬಂದಿದ್ದಾನೆ, ಧೈರ್ಯವಾಗಿ ಕೊಡಿ. ಗೊತ್ತಿಲ್ಲದಿದ್ದರೆ ಗದರಬೇಡಿ. "ಇದನ್ನು ತಿಳಿದು ಬಾ, ಹಣ ಇಲ್ಲೇ ಇರುತ್ತದೆ" ಎನ್ನಿ. ಒಂದು ವಾರ ತಡವಾದರೆ ನಷ್ಟವೇನಿಲ್ಲ. ತನ್ನ ಗೇಮಿನ ವಿಷಯವನ್ನು ಅಮ್ಮಿಯ ಜೊತೆ ಮಾತಾಡಬಹುದು ಎಂದು ಆ ಒಂದು ವಾರದಲ್ಲಿ ಅವನು ಕಲಿತಿರುತ್ತಾನೆ. ನಾಳೆ ಆ ಪರದೆಯ ಮುಂದೆ ಎಷ್ಟು ಹೊತ್ತು ಎಂಬ ಮಾತು ಬಂದಾಗಲೂ ನಿಮ್ಮ ಮಾತಿಗೆ ಬೆಲೆ ಬರುವುದು ಅಲ್ಲಿಂದಲೇ.