ತಂತಿಯ ಡಬ್ಬವನ್ನು ಬಿಸಾಡಬೇಡಿ



ಹತ್ತನೇ ತರಗತಿಯ ಫಲಿತಾಂಶ ಬಂದ ದಿನ ನಮ್ಮ ಲೈನ್ ಮನೆಗಳಲ್ಲಿ ಒಂದು ಮಾತು ತಪ್ಪದೆ ಕೇಳಿಬರುತ್ತದೆ: “ಹುಡುಗನನ್ನು ಎಲೆಕ್ಟ್ರಿಕಲ್‌ಗೆ ಹಾಕೋಣ, ಕೆಲಸ ಖಂಡಿತ.” ಅದೇ ಹುಡುಗ ಕೆಟ್ಟ ಟಾರ್ಚು ಬಿಚ್ಚಿ, ತಂತಿ ಬಲ್ಬು ಹರಡಿಕೊಂಡು ಕೂತಾಗ ನಾವೇ, “ಈ ಕಸವನ್ನೆಲ್ಲ ಆಚೆ ಬಿಸಾಡು” ಎಂದು ಗದರುತ್ತೇವೆ. ಓದಿಗೆ ಸಾಲ ಮಾಡಲು ಸಿದ್ಧರಿರುವ ನಾವು, ಆ ಓದಿನ ಮೊದಲ ಪಾಠವನ್ನೇ ಹೊರಗೆ ಎಸೆಯುತ್ತಿದ್ದೇವೆ.

ಮೊದಲು ಒಂದು ಮಾತು ತಿಳಿದಿರಲಿ. ಎಲೆಕ್ಟ್ರಿಕಲ್ ಎಂಬುದು ಒಂದೇ ಓದಲ್ಲ. ಇದನ್ನು ಕಾಣಲು ನೀಲಗಿರಿಯ ನಾವು ದೂರ ಹೋಗಬೇಕಾಗಿಲ್ಲ. ಗ್ಲೆನ್‌ಮಾರ್ಗನ್ ಎತ್ತರದಿಂದ ಕೊಳವೆಯಲ್ಲಿ ಇಳಿಯುವ ನೀರು ಸಿಂಗಾರದಲ್ಲಿ ಯಂತ್ರಗಳನ್ನು ತಿರುಗಿಸುತ್ತದೆ. 1932ರಲ್ಲಿ ಆರಂಭವಾದ ಈ ಪೈಕಾರಾ ವಿದ್ಯುತ್ತು ಕೊಯಮತ್ತೂರಿನ ಗಿರಣಿಗಳು ಬೆಳೆಯಲು ದೊಡ್ಡ ಆಸರೆಯಾಯಿತು. ಹೀಗೆ ವಿದ್ಯುತ್ತನ್ನು ಉತ್ಪಾದಿಸಿ ದೂರಕ್ಕೆ ಸಾಗಿಸುವುದು ಒಂದು ಶಾಖೆ. ನಮ್ಮ ಟೀ ಫ್ಯಾಕ್ಟರಿಗಳಲ್ಲಿ ಎಲೆ ಬಾಡಿಸುವ ಫ್ಯಾನು, ರೋಲರುಗಳನ್ನು ನಡೆಸುವ ಮೂರು ಫೇಸಿನ ಮೋಟಾರುಗಳದ್ದು ಎರಡನೆಯದು. ಡ್ರೈಯರಿನ ಶಾಖವನ್ನು ಅಳೆದು ಹದದಲ್ಲಿ ನಿಲ್ಲಿಸುವುದು ಇನ್‌ಸ್ಟ್ರುಮೆಂಟೇಶನ್ ಮತ್ತು ಕಂಟ್ರೋಲ್. ಇನ್ನು ಊಟಿಯ ಹತ್ತಿರ ಮುತ್ತೋರೆಯಲ್ಲಿ, ಗೋವಿಂದ ಸ್ವರೂಪ್ ಮತ್ತು ಅವರ ಸಂಗಡಿಗರು ಬೆಟ್ಟದ ಇಳಿಜಾರಿನಲ್ಲೇ ಕಟ್ಟಿದ 530 ಮೀಟರ್ ಉದ್ದದ ರೇಡಿಯೋ ದೂರದರ್ಶಕವಿದೆ. 1970ರಿಂದ ಅದು ಆಕಾಶದಿಂದ ಬರುವ ಅತಿ ಕ್ಷೀಣವಾದ ರೇಡಿಯೋ ಅಲೆಗಳನ್ನು ಹಿಡಿಯುತ್ತಿದೆ. ಅದು ಎಲೆಕ್ಟ್ರಾನಿಕ್ಸ್ ಶಾಖೆಯ ಕೆಲಸ. ಹೊರಗಿನಿಂದ ನೋಡುವವರಿಗೆ ಎಲ್ಲವೂ ‘ಕರೆಂಟ್ ಕೆಲಸ’. ಒಳಗೆ ಹೋದವನಿಗೆ ಒಂದೊಂದೂ ಬೇರೆ ದಾರಿ.

ದಾರಿ ತಪ್ಪಿದರೆ ನಷ್ಟ ಯಾರಿಗೆ? ಹಣವಿದ್ದವರ ಮಗ ಒಂದು ಕೋರ್ಸು ಬಿಟ್ಟು ಇನ್ನೊಂದಕ್ಕೆ ಸೇರಬಹುದು. ನಮ್ಮಲ್ಲಿ ತಾಯಿ ಮೂವತ್ತು ವರ್ಷ ಮಳೆಯಲ್ಲಿ ನಿಂತು ಎಲೆ ಕಿತ್ತು ಪಡೆದ ಗ್ರಾಚ್ಯುಟಿಯ ಹಣ ಒಂದೇ ಸಾರಿ ಬರುತ್ತದೆ. ಅದೇ ಸಮಯಕ್ಕೆ ಎಸ್ಟೇಟಿನ ಮನೆಯನ್ನೂ ಖಾಲಿ ಮಾಡಬೇಕಾಗುತ್ತದೆ. ಅಂಥ ಹಣವನ್ನು ಕೋರ್ಸಿನ ಹೆಸರು ನೋಡಿ, ಪಕ್ಕದ ಲೈನಿನವರ ಮಾತು ಕೇಳಿ ಸುರಿಯುವುದು ಸರಿಯೇ?

ಹಾಗಾದರೆ ಮಗುವಿನ ಮನಸ್ಸು ಎತ್ತ ಇದೆಯೆಂದು ತಿಳಿಯುವುದು ಹೇಗೆ? ನನ್ನ ಅಭಿಪ್ರಾಯ ಇಷ್ಟೇ: ಮನೆಯಲ್ಲಿ ಮೂರು ಸಣ್ಣ ಕೆಲಸ ಮಾಡಲು ಬಿಟ್ಟು ನೋಡಿರಿ.

ಮೊದಲನೆಯದು, ತಂತಿ ತುಂಡಾಗಿದೆಯೇ ಎಂದು ನೋಡುವ ಸಾಧನ. 9 ವೋಲ್ಟಿನ ಬ್ಯಾಟರಿ, ಒಂದು ಕೆಂಪು ಎಲ್‌ಇಡಿ, 470 ಓಮ್‌ನ ಒಂದು ರೆಸಿಸ್ಟರ್, ಎರಡು ತಂತಿ ಸಾಕು. ಎಲ್‌ಇಡಿಯ ಉದ್ದ ಕಾಲು ಬ್ಯಾಟರಿಯ ಪ್ಲಸ್ ಕಡೆಗಿರಬೇಕು. ಎಲ್‌ಇಡಿಗೆ ಬೇಕಾದದ್ದು ಸುಮಾರು 2 ವೋಲ್ಟ್. ಮಿಕ್ಕ 7 ವೋಲ್ಟನ್ನು ರೆಸಿಸ್ಟರ್ ತಡೆದುಕೊಳ್ಳುತ್ತದೆ. 7ನ್ನು 470ರಿಂದ ಭಾಗಿಸಿದರೆ ಸುಮಾರು 15 ಮಿಲಿ ಆಂಪಿಯರ್. ರೆಸಿಸ್ಟರ್ ಇಲ್ಲದಿದ್ದರೆ ಎಲ್‌ಇಡಿ ಸುಟ್ಟುಹೋಗುತ್ತದೆ. ಈ ಲೆಕ್ಕ ಶಾಲೆಯ ತಮಿಳು ಪುಸ್ತಕದಲ್ಲೂ ಒಂದೇ, ಮನೆಯ ಕನ್ನಡದಲ್ಲೂ ಒಂದೇ.

ಎರಡನೆಯದು, ಬಕೆಟ್ ತುಂಬಿದರೆ ಕೂಗುವ ಬಜರ್. ಹೊತ್ತಿಗೊಮ್ಮೆ ನೀರು ಬರುವ ನಮ್ಮ ಲೈನುಗಳಲ್ಲಿ ಇದು ಆಟವಲ್ಲ, ಉಪಕಾರ. ಬಿಸಿ 547 ಎಂಬ ಪುಟ್ಟ ಟ್ರಾನ್ಸಿಸ್ಟರ್, ಒಂದು ಬಜರ್, ಒಂದು ರೆಸಿಸ್ಟರ್ ಮತ್ತು ಅದೇ ಬ್ಯಾಟರಿ. ನೀರು ಮೇಲಕ್ಕೆ ಬಂದು ಎರಡು ತಂತಿಯ ತುದಿಗಳನ್ನು ಮುಟ್ಟಿದಾಗ, ನೀರಿನ ಮೂಲಕ ಹರಿಯುವ ಅತ್ಯಲ್ಪ ಕರೆಂಟನ್ನು ಟ್ರಾನ್ಸಿಸ್ಟರ್ ನೂರಾರು ಪಟ್ಟು ಹೆಚ್ಚಿಸಿ ಬಜರನ್ನು ಕೂಗಿಸುತ್ತದೆ. ನೀರಿನಲ್ಲಿ ಲವಣ ತೀರ ಕಡಿಮೆಯಿದ್ದರೆ ಎರಡು ಟ್ರಾನ್ಸಿಸ್ಟರ್ ಜೋಡಿಸಬೇಕು.

ಮೂರನೆಯದು, ಕತ್ತಲಾದರೆ ತಾನೇ ಹೊತ್ತುವ ದೀಪ. ಬೆಳಕು ಬಿದ್ದಾಗ ರೋಧ ಕಡಿಮೆಯಾಗಿ, ಕತ್ತಲಲ್ಲಿ ಹೆಚ್ಚುವ ಎಲ್‌ಡಿಆರ್ ಎಂಬ ಬಿಡಿಭಾಗ ಇದಕ್ಕೆ ಬೇಕು.

ಮಗು ಮಾಡುವಾಗ ಸುಮ್ಮನೆ ಗಮನಿಸಿ. ಜೋಡಣೆ ಬಿಗಿಯಾಗಿದೆಯೇ, ಮೋಟಾರು ತಿರುಗೀತೇ ಎಂದು ಕೇಳುವವನಿಗೆ ಯಂತ್ರ, ವೈರಿಂಗಿನ ಕಡೆ ಒಲವು. “ಕತ್ತಲಾದದ್ದು ಅದಕ್ಕೆ ಹೇಗೆ ತಿಳಿಯಿತು?” ಎಂದು ಕೇಳುವವಳಿಗೆ ಅಳತೆ, ನಿಯಂತ್ರಣದ ಕಡೆ. ಹುಡುಗಿಯರೂ ಕೇಳುತ್ತಾರೆ, ಅವರನ್ನು ಅಡುಗೆಮನೆಗೆ ಅಟ್ಟಬೇಡಿ. ಯಾವುದನ್ನೂ ಮುಗಿಸದೆ ಬೇಸತ್ತರೆ ಅದೂ ಒಳ್ಳೆಯ ಉತ್ತರವೇ. ಕೆಲವು ನೂರು ರೂಪಾಯಿಗೆ ಸಿಕ್ಕ ಆ ಉತ್ತರ, ಲಕ್ಷ ಕಳೆದ ಮೇಲೆ ಸಿಗುವುದಕ್ಕಿಂತ ಮೇಲಲ್ಲವೇ?

ಆದರೆ ಒಂದು ಕಟ್ಟುನಿಟ್ಟು ಇರಲಿ. ಎಲ್ಲವೂ ಬ್ಯಾಟರಿಯಿಂದ ಮಾತ್ರ. ಮನೆಗೆ ಬರುವ 230 ವೋಲ್ಟ್ ಕ್ಷಮಿಸುವುದಿಲ್ಲ. ಮಳೆಗಾಲದ ಒದ್ದೆ ನೆಲದಲ್ಲಂತೂ ಅದು ಪ್ರಾಣಕ್ಕೇ ಎರವು. ಗೋಡೆಯ ಬೋರ್ಡಿಗೆ, ಹಳೇ ಟಿ.ವಿ.ಯ ಒಳಗೆ ಮಕ್ಕಳು ಕೈ ಹಾಕಬಾರದು. ಪ್ಲಗ್ ಕಿತ್ತ ಮೇಲೂ ಟಿ.ವಿ.ಯೊಳಗೆ ವಿದ್ಯುತ್ತು ಉಳಿದಿರುತ್ತದೆ. ಬ್ರೆಡ್‌ಬೋರ್ಡಿನಲ್ಲಿ ಜೋಡಿಸಿದರೆ ಬೆಸುಗೆಯೇ ಬೇಕಿಲ್ಲ; ಬೆಸುಗೆ ಕಲಿಯುವ ಕಾಲಕ್ಕೆ ಹಿರಿಯರೊಬ್ಬರು ಪಕ್ಕದಲ್ಲಿರಲಿ.

“ಆಟದಿಂದ ಹೊಟ್ಟೆ ತುಂಬೀತೇ?” ಎನ್ನುವವರಿದ್ದಾರೆ. ತುಂಬದು, ನಿಜ. ಸರ್ಟಿಫಿಕೇಟು ಬೇಕು, ಗಣಿತವೂ ಬೇಕು. ಆದರೆ ಎಲ್ಲರೂ ಒಮ್ಮೆಗೇ ಎಂಜಿನಿಯರಿಂಗ್ ಸೀಟಿಗೆ ಹಾರಬೇಕಾಗಿಲ್ಲ. ಐ.ಟಿ.ಐ.ಯಲ್ಲಿ ಎಂಟನೇ ತರಗತಿ ಮುಗಿಸಿದವರಿಗೆ ವೈರ್‌ಮನ್, ಹತ್ತು ಮುಗಿಸಿದವರಿಗೆ ಎಲೆಕ್ಟ್ರಿಷಿಯನ್ ಎಂಬ ಎರಡೆರಡು ವರ್ಷದ ತರಬೇತಿಗಳಿವೆ. ಹತ್ತರ ನಂತರ ಮೂರು ವರ್ಷದ ಡಿಪ್ಲೊಮಾ ಇದೆ. ಅದನ್ನು ಮುಗಿಸಿದವರು ಬಿ.ಇ.ಯ ಎರಡನೇ ವರ್ಷಕ್ಕೇ ಸೇರಬಹುದು. ಮೆಟ್ಟಿಲು ಮೆಟ್ಟಿಲಾಗಿ ಹತ್ತುವವನು ನಡುವೆ ನಿಂತರೂ ಕೈಯಲ್ಲಿ ಒಂದು ಕೆಲಸವಿರುತ್ತದೆ.

ನಮ್ಮ ಸಭೆಗಳಿಗೂ ಒಂದು ಬಿನ್ನಹ. ಪ್ರತಿಯೊಂದು ಲೈನಿಗೆ ಒಂದು ಮಲ್ಟಿಮೀಟರ್, ಒಂದು ಬ್ರೆಡ್‌ಬೋರ್ಡ್, ಒಂದು ಸ್ಕ್ರೂಡ್ರೈವರ್ ಇರುವ ಪೆಟ್ಟಿಗೆಯನ್ನು ಎಲ್ಲರೂ ಸೇರಿ ಕೊಡಿಸಬಾರದೇ? ಭಾನುವಾರ ಆರಾಧನೆಯಾದ ಮೇಲೆ ಫ್ಯಾಕ್ಟರಿಯ ಎಲೆಕ್ಟ್ರಿಷಿಯನ್ ಅಣ್ಣಂದಿರು ಒಂದು ತಾಸು ಮಕ್ಕಳ ಜೊತೆ ಕೂತರೆ ಅದೂ ಸೇವೆಯೇ.

ವಿಮೋಚನಕಾಂಡದಲ್ಲಿ ಬೆಚಲೇಲನೆಂಬ ಕೆಲಸಗಾರನನ್ನು ಓದುತ್ತೇವೆ. ದೇವರು ತನ್ನ ಆತ್ಮದಿಂದ ತುಂಬಿಸಿದ್ದು ಅವನ ಕೈಕೆಲಸಕ್ಕಾಗಿ. ನಮ್ಮ ಕರ್ತನೂ ನಜರೇತಿನಲ್ಲಿ ಬಡಗಿಯಾಗಿ ಉಳಿ ಹಿಡಿದವನೇ. ಆದುದರಿಂದ ಇಂದು ಸಂಜೆ ಮನೆಗೆ ಹೋದಾಗ ಮಂಚದ ಕೆಳಗಿರುವ ಆ ತಂತಿಯ ಡಬ್ಬವನ್ನು ಬಿಸಾಡಬೇಡಿ. “ಇದೇನು ಮಾಡುತ್ತಿದ್ದೀಯಪ್ಪಾ?” ಎಂದು ಒಂದು ಸಾರಿ ಕೇಳಿ ನೋಡಿರಿ.