ಹೊಲಕ್ಕೆ ಬಿದ್ದ ಉಲ್ಕೆ: ಆಕ್ಷೇಪಗಳಿಗೆ ಉತ್ತರ

ಉಲ್ಕಾಶಿಲೆ ಸಿಕ್ಕವರು ಅದನ್ನು ಮೊದಲು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಗೆ, ಅಂದರೆ ಜಿಎಸ್‌ಐಗೆ, ಒಪ್ಪಿಸಬೇಕು. ಒಪ್ಪಿಸಿದವರಿಗೆ ಸರ್ಕಾರ ಕಾಯ್ದೆಯ ಪ್ರಕಾರವೇ ಹಣ ಕೊಡಬೇಕು. ಅಧ್ಯಯನಕ್ಕೆ ಬೇಕಾದಷ್ಟು ತೆಗೆದಿಟ್ಟ ಮೇಲೆ ಉಳಿದ ಚೂರುಗಳನ್ನು ಮಾರಲು, ಹೊರದೇಶಕ್ಕೆ ಕಳಿಸಲು ಪರವಾನಗಿಯ ದಾರಿ ಇರಬೇಕು. ನನ್ನ ವಾದ ಇಷ್ಟು. ಮೂಡಲಗಿ, ಗೋಕಾಕ, ಹುಕ್ಕೇರಿ ಕಡೆ ಇದನ್ನು ಹೇಳಿದಾಗಲೆಲ್ಲ ಎರಡೂ ಬದಿಯಿಂದ ವಿರೋಧ ಬರುತ್ತದೆ. ‘ನಮ್ಮ ಹೊಲದಾಗ ಬಿದ್ದದ್ದು ನಮ್ಮದರಿ, ಸರ್ಕಾರದವರು ಯಾಕ ಒಯ್ಯಬೇಕು?’ ಎಂದು ರೈತರು ಕೇಳುತ್ತಾರೆ. ‘ವಿಜ್ಞಾನದ ಆಸ್ತಿಯನ್ನು ಸಂತೆಗೆ ಇಡುತ್ತೀರಾ?’ ಎಂದು ಓದಿದವರು ಸಿಟ್ಟಾಗುತ್ತಾರೆ. ಇಬ್ಬರಿಗೂ ಉತ್ತರ ಹೇಳಬೇಕಾಗಿದೆ.

‘ನಮ್ಮ ಕಡೆ ಬಿದ್ದೇ ಇಲ್ಲ, ಈಗ ಯಾಕೆ ಈ ಚರ್ಚೆ?’ ಎಂಬುದು ಎಲ್ಲಕ್ಕಿಂತ ಸಣ್ಣ ಆಕ್ಷೇಪ. 1865ರ ಸೆಪ್ಟೆಂಬರ್ 21ರಂದು ಮದ್ದೂರಿನಲ್ಲಿ, 1866ರ ಏಪ್ರಿಲ್‌ನಲ್ಲಿ ಉಡುಪಿಯಲ್ಲಿ, 1876ರ ಫೆಬ್ರವರಿಯಲ್ಲಿ ತುಮಕೂರು ಸೀಮೆಯಲ್ಲಿ ಬಿದ್ದ ಕಲ್ಲುಗಳು ಜಗತ್ತಿನ ಉಲ್ಕಾಪಟ್ಟಿಯಲ್ಲಿ ದಾಖಲಾಗಿವೆ. ಕನ್ನಡ ಮನೆಮಾತಿನವರು ಇವತ್ತಿಗೂ ಇರುವ ಹೊಸೂರು ಸೀಮೆಯ ಶೂಲಗಿರಿಯಲ್ಲಿ 2008ರ ಸೆಪ್ಟೆಂಬರ್ 12ರ ಬೆಳಿಗ್ಗೆ ಒಟ್ಟು 110 ಕಿಲೋದಷ್ಟು ಕಲ್ಲು ಬಿತ್ತು. ನಾಗಪುರ ಜಿಲ್ಲೆಯ ಕಾಟೋಲ್‌ನಲ್ಲಿ 2012ರ ಮೇ 22ರ ಮಧ್ಯಾಹ್ನ ಊರ ಮೇಲೆಯೇ ಚೂರುಗಳು ಸುರಿದವು. ಘಟಪ್ರಭೆಯ ಕಾಲುವೆಯ ಕಬ್ಬಿನ ಹೊಲಕ್ಕೆ ನಾಳೆ ಬೀಳುವುದಿಲ್ಲ ಎಂದು ಹೇಳಬಲ್ಲವರು ಯಾರೂ ಇಲ್ಲ. ಬಿದ್ದ ದಿನ ಚರ್ಚೆಗೆ ಪುರಸೊತ್ತು ಇರುವುದಿಲ್ಲ. ಯಾಕೆಂಬುದನ್ನು ಮುಂದೆ ಹೇಳುತ್ತೇನೆ.

ಇನ್ನು ‘ನಮ್ಮದು’ ಎಂಬ ಮಾತು. ಇದರಲ್ಲಿ ಹುರುಳಿದೆ. ಉಲ್ಕೆಯ ಹೆಸರು ಹಿಡಿದು ಬರೆದ ಪ್ರತ್ಯೇಕ ಕಾಯ್ದೆ ನಮ್ಮ ದೇಶದಲ್ಲಿಲ್ಲ. ಕರ್ನಾಟಕ ಭೂಕಂದಾಯ ಕಾಯ್ದೆ ಖನಿಜಗಳ ಮೇಲೆ ಸರ್ಕಾರದ ಹಕ್ಕನ್ನು ಹೇಳುತ್ತದೆ. ಅದನ್ನು ಬರೆದವರ ಮನಸ್ಸಿನಲ್ಲಿದ್ದದ್ದು ನೆಲದಡಿಯ ಖನಿಜ, ನಿನ್ನೆ ಮುಗಿಲಿನಿಂದ ಬಿದ್ದ ಕಲ್ಲಲ್ಲ. 1972ರ ಪುರಾತನ ವಸ್ತುಗಳ ಕಾಯ್ದೆ ನೂರು ವರ್ಷ ಹಳೆಯದಾದ ವಸ್ತುಗಳ ಮಾತಾಡುತ್ತದೆ. ನಿಧಿ ಕಾಯ್ದೆ ಮಣ್ಣಿನಲ್ಲಿ ಹುದುಗಿದ್ದಕ್ಕೆ ಅನ್ವಯಿಸುತ್ತದೆ. ದೇಶದಲ್ಲಿ ಬಿದ್ದ ಉಲ್ಕೆಗಳಿಗೆ ಜಿಎಸ್‌ಐ ಪಾಲಕ ಸಂಸ್ಥೆ ಎಂಬುದು ಬಹುಕಾಲದಿಂದ ನಡೆದುಬಂದ ಪದ್ಧತಿ. ಅದರ ಸಂಗ್ರಹ ಕೋಲ್ಕತ್ತದಲ್ಲಿದೆ.

ಅಮೆರಿಕದ ಅಯೋವಾದಲ್ಲಿ ಇದೇ ಜಗಳ ಕೋರ್ಟಿಗೆ ಹೋಗಿತ್ತು. 1890ರ ಮೇ 2ರಂದು ಒಬ್ಬರ ಹೊಲದಲ್ಲಿ 66 ಪೌಂಡಿನ ಕಲ್ಲು ಬಿತ್ತು. ಹೊಲವನ್ನು ಲಾವಣಿಗೆ ಹಿಡಿದವನ ಒಪ್ಪಿಗೆ ಪಡೆದು ಇನ್ನೊಬ್ಬ ಅಗೆದು ತೆಗೆದ, 105 ಡಾಲರಿಗೆ ಮಾರಿದ. 1892ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಕಲ್ಲು ಹೊಲದ ಮಾಲೀಕನದು ಎಂದು ತೀರ್ಪು ಕೊಟ್ಟಿತು. ಆ ಲೆಕ್ಕಕ್ಕೆ ಉತಾರದಲ್ಲಿ ಹೆಸರಿದ್ದವನದೇ ಕಲ್ಲು. ನಮ್ಮ ಕೋರ್ಟುಗಳಿಗೆ ಆ ತೀರ್ಪಿನ ಕಟ್ಟುಪಾಡಿಲ್ಲ. ಆದರೆ ಅದರ ನ್ಯಾಯವನ್ನು ನಾನು ಒಪ್ಪುತ್ತೇನೆ.

ಒಪ್ಪಿದ ಮೇಲೂ ಹೇಳುತ್ತೇನೆ: ಮಾಲೀಕನಾದ ಮಾತ್ರಕ್ಕೆ ಬೇಕಾದವರಿಗೆ ಮಾರಬಹುದೆಂದು ಆಗುವುದಿಲ್ಲ. ಶ್ರೀಗಂಧವನ್ನೇ ನೋಡಿ. ನಮ್ಮದೇ ಹೊಲದ ಬದುವಿನಲ್ಲಿ ಬೆಳೆದ ಗಂಧದ ಮರ ದಶಕಗಟ್ಟಲೆ ಸರ್ಕಾರದ್ದೇ ಆಗಿತ್ತು. ಆಗ ರೈತ ಅದನ್ನು ಬೆಳೆಸಲಿಲ್ಲ, ಕಳ್ಳ ಬಿಡಲಿಲ್ಲ. 2001ರಲ್ಲಿ ಕಾಯ್ದೆ ತಿದ್ದಿ ಮರ ಹೊಲದವನದೇ ಎಂದರು. ಮಾರಾಟಕ್ಕೆ ಮಾತ್ರ ಸರ್ಕಾರ ಒಪ್ಪಿದ ದಾರಿಯನ್ನು ಹಾಕಿಕೊಟ್ಟರು. ಒಡೆತನ ರೈತನಿಗೆ, ಮಾರಾಟಕ್ಕೆ ಕಟ್ಟಳೆ. ಉಲ್ಕೆಗೂ ಇದೇ ನಡೆಯಬೇಕು.

ಮೂರನೆಯದು ದುಡ್ಡಿನ ಮಾತು. ‘ಸರ್ಕಾರಕ್ಕೆ ಕೊಟ್ಟರೆ ಕೋಟಿ ಕಳೆದುಕೊಂಡಂತೆ’ ಎನ್ನುತ್ತಾರೆ. ನೈಜರ್ ದೇಶದಲ್ಲಿ ಸಿಕ್ಕ 24 ಕಿಲೋ ಮಂಗಳನ ಕಲ್ಲು 2025ರ ಜುಲೈನಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ಸುಮಾರು 53 ಲಕ್ಷ ಡಾಲರಿಗೆ, ಅಂದರೆ 45 ಕೋಟಿ ರೂಪಾಯಿಯ ಆಸುಪಾಸಿಗೆ, ಹೋಯಿತು. ಆ ಸುದ್ದಿ ಓದಿದವರು ಎಲ್ಲ ಉಲ್ಕೆಗೂ ಅದೇ ದರ ಎಂದು ತಿಳಿದಿದ್ದಾರೆ. ಬೀಳುವ ನೂರು ಕಲ್ಲುಗಳಲ್ಲಿ ಸುಮಾರು 80 ಸಾಧಾರಣ ಕಾಂಡ್ರೈಟ್ ಎಂಬ ಜಾತಿಯವು. ಶೂಲಗಿರಿ, ಕಾಟೋಲ್, ಮದ್ದೂರು, ಉಡುಪಿ ಎಲ್ಲವೂ ಅದೇ. ಮಂಗಳನ ಕಲ್ಲಿನ ದರಕ್ಕೂ ಇವುಗಳ ದರಕ್ಕೂ ತಾಳೆಯೇ ಇಲ್ಲ. ಅಪರೂಪದ ಜಾತಿಯದಾದರೂ ಹಣ ಹುಡುಕಿದವನ ಕೈಗೆ ಬರುತ್ತದೆಂಬ ಖಾತ್ರಿಯಿಲ್ಲ. 2020ರ ಆಗಸ್ಟಿನಲ್ಲಿ ಇಂಡೊನೇಷ್ಯಾದ ಸುಮಾತ್ರದಲ್ಲಿ ಶವಪೆಟ್ಟಿಗೆ ಮಾಡುವವನೊಬ್ಬನ ತಗಡಿನ ಸೂರು ಹರಿದು ಎರಡು ಕಿಲೋ ಕಲ್ಲು ಬಿತ್ತು. ಹದಿನೆಂಟು ಲಕ್ಷ ಡಾಲರು ಸಿಕ್ಕಿತೆಂದು ಜಗತ್ತಿನ ಪತ್ರಿಕೆಗಳು ಬರೆದವು. ಅವನಿಗೆ ನಿಜವಾಗಿ ಬಂದದ್ದು ಸುಮಾರು 14 ಸಾವಿರ ಡಾಲರು.

ಇನ್ನೊಂದು ಸಂಗತಿ ನಮ್ಮ ನೆಲದ್ದು. ಗೋಕಾಕ ಜಲಪಾತದ ಬಂಡೆ ಮರಳುಗಲ್ಲಿನ ಜಾತಿಯದು. ಅಲ್ಲಿಂದ ಮೂಡಲಗಿ ಕಡೆ ಬಂದರೆ ಎರೆಮಣ್ಣಿನ ಕೆಳಗೆ ಜ್ವಾಲಾಮುಖಿಯ ಕರಿಕಲ್ಲು. ಅದರಲ್ಲಿ ಕಬ್ಬಿಣದ ಅಂಶ ಇದೆ, ಅಯಸ್ಕಾಂತಕ್ಕೆ ಸ್ವಲ್ಪ ಅಂಟುತ್ತದೆ. ಕಾರ್ಖಾನೆಯಿಂದ ಬಂದು ದಾರಿಗೆ ಬಿದ್ದ ಕಿಟ್ಟವೂ ಅಂಟುತ್ತದೆ. ಕಪ್ಪಗಿದೆ, ಭಾರ ಇದೆ, ಅಯಸ್ಕಾಂತ ಹಿಡಿಯುತ್ತದೆ ಎಂದು ಯಾರೋ ಬಂದು ಮುಂಗಡ ಕೇಳಿದರೆ ಅವನು ಮೋಸಗಾರ. ‘ರೈಸ್ ಪುಲ್ಲರ್’ ಹೆಸರಿನಲ್ಲಿ, ಸಿಡಿಲು ಬಡಿದ ಲೋಹ ಅಕ್ಕಿ ಎಳೆಯುತ್ತದೆ, ನಾಸಾದವರು ಕೊಳ್ಳುತ್ತಾರೆ ಎಂದು ನಂಬಿಸಿ ಎಷ್ಟು ಮನೆ ಹಾಳಾದವು! 2018ರಲ್ಲಿ ದಿಲ್ಲಿ ಪೊಲೀಸರು ಇದೇ ಕಥೆ ಕಟ್ಟಿ ಒಬ್ಬ ವ್ಯಾಪಾರಿಯಿಂದ ಕೋಟಿಗೂ ಮೇಲೆ ಕಿತ್ತಿದ್ದ ತಂದೆ ಮಗನನ್ನು ಹಿಡಿದರು. ಹೊಸದಾಗಿ ಬಿದ್ದ ಉಲ್ಕೆಯ ಮೇಲೆ ಒಂದು ಮಿಲಿಮೀಟರಿಗೂ ತೆಳುವಾದ ಕರಿ ಪದರ ಇರುತ್ತದೆ, ರೊಟ್ಟಿ ಸೀದಾಗ ಮೇಲೆ ಹಿಡಿಯುವ ಕರಿಕಿನ ಹಾಗೆ. ಒಡೆದರೆ ಒಳಗೆ ಸಾಮಾನ್ಯವಾಗಿ ಬೂದು ಬಣ್ಣ. ಕಲ್ಲಿನ ತುಂಬ ಗುಳ್ಳೆಯ ತೂತುಗಳಿದ್ದರೆ ಅದು ಬಹುತೇಕ ಕಿಟ್ಟ ಅಥವಾ ಲಾವಾ. ಕೊನೆಯ ಮಾತು ಹೇಳುವುದು ಪ್ರಯೋಗಾಲಯ. ಜಗತ್ತಿನ ಉಲ್ಕಾ ವಿಜ್ಞಾನಿಗಳ ಸಂಘ ಒಂದು ಕಲ್ಲಿಗೆ ಹೆಸರು ಕೊಡಬೇಕಾದರೆ 20 ಗ್ರಾಂ, ಇಲ್ಲವೇ ಒಟ್ಟು ತೂಕದ ನೂರಕ್ಕೆ 20, ಯಾವುದು ಕಡಿಮೆಯೋ ಅಷ್ಟು, ಮಾನ್ಯ ಸಂಸ್ಥೆಯಲ್ಲಿ ಉಳಿಯಬೇಕು. ಆ ಹೆಸರಿಲ್ಲದ ಕಲ್ಲನ್ನು ಮರ್ಯಾದಸ್ಥ ಸಂಗ್ರಾಹಕ ಕೊಳ್ಳುವುದಿಲ್ಲ. ಅಂದಮೇಲೆ ದುಡ್ಡೇ ಬೇಕೆನ್ನುವವನೂ ಮೊದಲು ವಿಜ್ಞಾನಿಯ ಬಾಗಿಲಿಗೇ ಹೋಗಬೇಕು.

‘ಕೊಟ್ಟರೆ ಕೋಲ್ಕತ್ತದ ಕಪಾಟಿನಲ್ಲಿ ಧೂಳು ಹಿಡಿಯುತ್ತದೆ’ ಎಂಬ ಮಾತು ನನ್ನನ್ನು ಬಹಳ ನೋಯಿಸುತ್ತದೆ. ಮದ್ದೂರಿನ ಕಲ್ಲು ಬೀಳುವುದಕ್ಕೆ ಒಂದು ತಿಂಗಳಿಗೂ ಕಡಿಮೆ ಮೊದಲು, 1865ರ ಆಗಸ್ಟ್ 25ರಂದು, ಬಿಹಾರದ ಶೇರ್‌ಘಾಟಿಯಲ್ಲಿ ಐದು ಕಿಲೋ ಕಲ್ಲು ಬಿತ್ತು. ಅದನ್ನು ಜೋಪಾನವಾಗಿ ಇಟ್ಟರು. ನೂರಕ್ಕೂ ಹೆಚ್ಚು ವರ್ಷ ಅದು ಎಲ್ಲಿಂದ ಬಂತೆಂದು ಯಾರಿಗೂ ಖಚಿತವಾಗಿ ತಿಳಿಯಲಿಲ್ಲ. 1980ರ ದಶಕದಲ್ಲಿ ಅಂಟಾರ್ಕ್ಟಿಕದಲ್ಲಿ ಸಿಕ್ಕ ಅದೇ ಜಾತಿಯ ಕಲ್ಲಿನೊಳಗಿನ ಅನಿಲವನ್ನು ಮಂಗಳದ ಗಾಳಿಯೊಡನೆ ಹೋಲಿಸಿ ನೋಡಿದಾಗ ಈ ಕುಲದ ಕಲ್ಲುಗಳೆಲ್ಲ ಮಂಗಳದಿಂದ ಬಂದವೆಂದು ಗೊತ್ತಾಯಿತು. ಇವತ್ತು ಜಗತ್ತಿನಲ್ಲಿ ಎಲ್ಲೇ ಸಿಗಲಿ, ಆ ಜಾತಿಗೆ ಶೆರ್ಗೊಟೈಟ್ ಎಂದೇ ಹೆಸರು. ಬಿಹಾರದ ಒಂದು ಊರು ವಿಜ್ಞಾನದಲ್ಲಿ ಶಾಶ್ವತವಾಗಿ ನಿಂತದ್ದು ಕಪಾಟಿನಲ್ಲಿ ಆ ಕಲ್ಲು ಕಾದಿದ್ದರಿಂದ. ಉಲ್ಕೆಗೆ ಬಿದ್ದ ಊರಿನ ಹೆಸರನ್ನೇ ಇಡುವುದು ರೂಢಿ. ಮೂಡಲಗಿಯ ಹೊಲದ ಕಲ್ಲು ರಹಸ್ಯವಾಗಿ ಮಾರಿಹೋದರೆ ಆ ಹೆಸರು ಎಲ್ಲಿಯೂ ಬರುವುದಿಲ್ಲ.

ದೈವ, ಅಪಶಕುನ, ವಿಷ. ಇವುಗಳಿಗೆ ಹೆಚ್ಚು ಜಾಗ ಬೇಡ. ಉಲ್ಕೆಯ ವಿಕಿರಣ ತೀರ ಕಡಿಮೆ, ಅಳೆಯುವುದಕ್ಕೇ ವಿಶೇಷ ಉಪಕರಣ ಬೇಕು. ಸಣ್ಣ ಕಲ್ಲು ನೆಲ ಮುಟ್ಟುವ ಹೊತ್ತಿಗೆ ಬೆಂಕಿಯಾಗಿರುವುದಿಲ್ಲ, ಬಣವೆ ಸುಡುವುದಿಲ್ಲ. ಭಕ್ತಿಯ ಬಗ್ಗೆ ನನಗೆ ಗೌರವವಿದೆ. ಮುಗಿಲಿನಿಂದ ಬಂದದ್ದಕ್ಕೆ ಕೈ ಮುಗಿಯುವುದು ಮನುಷ್ಯನಿಗೆ ಸಹಜ. ಎಣ್ಣೆ, ಕುಂಕುಮ, ಹಾಲು ಮಾತ್ರ ಹಾಕಬೇಡಿ. ಆ ಕಲ್ಲಿಗೆ ನೀರೇ ಶತ್ರು. 2022ರ ಆಗಸ್ಟ್ 17ರಂದು, ಮಳೆಗಾಲದ ನಡುವೆ, ಗುಜರಾತಿನ ಬನಾಸಕಾಂಠಾದ ದಿಯೋದರ್ ಬಳಿ ಬಿದ್ದದ್ದು ಆಬ್ರೈಟ್ ಎಂಬ ಬಲು ಅಪರೂಪದ ಜಾತಿ. ನಮ್ಮ ದೇಶದಲ್ಲಿ ಅದಕ್ಕೆ ಮೊದಲು ಅಂಥದ್ದು ಬಿದ್ದದ್ದು 1852ರಲ್ಲಿ. ಈ ಜಾತಿಯ ಕಲ್ಲಿನ ಕೆಲವು ಖನಿಜಗಳು ನೀರು ತಾಗಿದರೆ ಕೆಡುತ್ತವೆ. ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದವರು ಅದನ್ನು ಅಭ್ಯಾಸ ಮಾಡಿದ್ದಾರೆ. ಬಿದ್ದ ಕಲ್ಲಿನೊಳಗೆ ಆಕಾಶದಲ್ಲಿದ್ದಾಗ ಹುಟ್ಟಿದ ವಿಕಿರಣ ಧಾತುಗಳಿರುತ್ತವೆ. ಒಂದು ಜಾತಿಯ ಸೋಡಿಯಂ 15 ತಾಸಿನಲ್ಲಿ ಅರ್ಧವಾಗುತ್ತದೆ, ಒಂದು ಜಾತಿಯ ವನೇಡಿಯಂ 16 ದಿನದಲ್ಲಿ. ಪಂಚಾಯತಿ ಕಟ್ಟೆಯ ಮೇಲೆ ವಾದ ಮಾಡುತ್ತ ಕೂತರೆ ಅವು ನಮ್ಮ ಕಣ್ಣೆದುರೇ ಅಳಿಸಿಹೋಗುತ್ತವೆ. ಪುರಸೊತ್ತಿಲ್ಲ ಎಂದದ್ದು ಇದಕ್ಕೆ.

ಈಗ ಇನ್ನೊಂದು ಬದಿಯವರ ಕಡೆ ತಿರುಗುತ್ತೇನೆ. ‘ಹುಡುಕಿದವನಿಗೆ ಹಣ ಕೊಟ್ಟರೆ ವಿಜ್ಞಾನ ವ್ಯಾಪಾರವಾಗುತ್ತದೆ, ದೇಶಾಭಿಮಾನದಿಂದ ಕೊಡಲಿ’ ಎನ್ನುತ್ತಾರೆ. ಈ ಮಾತನ್ನು ಆಡುವವರು ಸಾಮಾನ್ಯವಾಗಿ ತಿಂಗಳ ಸಂಬಳದವರು. ಕಬ್ಬಿನ ಬಿಲ್ಲಿಗೆ ಕಾಯುವವನಿಗೆ ಅಭಿಮಾನದ ಪಾಠ ಹೇಳುವುದು ನ್ಯಾಯವಲ್ಲ. ಬ್ರಿಟಿಷರು 1878ರಲ್ಲಿ ಮಾಡಿದ ನಿಧಿ ಕಾಯ್ದೆಯಲ್ಲೂ ಹುಡುಕಿದವನಿಗೆ ಪಾಲಿತ್ತು. ಕಲೆಕ್ಟರು ನಿಧಿಯನ್ನು ಸರ್ಕಾರಕ್ಕೆ ಪಡೆದುಕೊಂಡರೆ ಅದರ ಲೋಹದ ಬೆಲೆ ಮತ್ತು ಅದರ ಮೇಲೆ ಐದನೇ ಒಂದು ಪಾಲು ಕೊಡಬೇಕಿತ್ತು. ಡೆನ್ಮಾರ್ಕಿನಲ್ಲಿ 1990ರಿಂದ ಒಂದು ಕಾಯ್ದೆ ಇದೆ: ಅಪರೂಪದ ಪಳೆಯುಳಿಕೆ, ಉಲ್ಕೆ ಸಿಕ್ಕವರು ನಿಸರ್ಗ ಇತಿಹಾಸ ಸಂಗ್ರಹಾಲಯಕ್ಕೆ ಒಪ್ಪಿಸಲೇಬೇಕು, ಸಂಗ್ರಹಾಲಯ ಹಣ ಕೊಡಲೇಬೇಕು. 2016ರ ಫೆಬ್ರವರಿಯಲ್ಲಿ ಕೋಪನ್‌ಹೇಗನ್ ಬಳಿ ಕಲ್ಲು ಬಿದ್ದಾಗ ಜನರೇ ರಸ್ತೆ, ಅಂಗಳಗಳಲ್ಲಿ ಆರಿಸಿ ತಂದುಕೊಟ್ಟರು. ಬಹುಮಾನ ಬಂದದ್ದರಿಂದ ಅಲ್ಲಿನ ವಿಜ್ಞಾನ ಕೆಡಲಿಲ್ಲ.

ಕೊನೆಯದು, ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ: ‘ರಫ್ತಿಗೆ ಬಾಗಿಲು ತೆರೆದರೆ ಒಳ್ಳೆಯದೆಲ್ಲ ಹೊರಗೆ ಹೋಗುತ್ತದೆ.’ 2011ರ ಜುಲೈನಲ್ಲಿ ಮೊರಾಕ್ಕೊದ ಟಿಸಿಂಟ್ ಬಳಿ ಮಂಗಳನ ಕಲ್ಲು ಬಿತ್ತು. ಅದರ ಬಹುಪಾಲು ವಿದೇಶಿ ಸಂಗ್ರಾಹಕರ, ಸಂಗ್ರಹಾಲಯಗಳ ಪಾಲಾಯಿತು. ನ್ಯೂಯಾರ್ಕಿನ ಹರಾಜಿನ ಮೇಲೆ ನೈಜರ್ ಸರ್ಕಾರ ತನಿಖೆ ಶುರು ಮಾಡಿತು, ಅದೂ ಕಲ್ಲು ಕೈಬಿಟ್ಟ ಮೇಲೆ. ಭಯ ಸುಳ್ಳಲ್ಲ. ಆದರೆ ಈ ಎರಡೂ ಕಡೆ ಕಲ್ಲು ಹೋಗುವಾಗ ತಡೆದು ನೋಡುವವರು, ಬೆಲೆ ಕೊಟ್ಟು ಉಳಿಸಿಕೊಳ್ಳುವವರು ಇರಲಿಲ್ಲ. ಕೆನಡಾದಲ್ಲಿ ಉಲ್ಕೆ ದೇಶ ಬಿಡಬೇಕಾದರೆ ಪರವಾನಗಿ ಬೇಕು. ಮಹತ್ವದ್ದೆಂದು ತಜ್ಞರು ಹೇಳಿದರೆ ಅದನ್ನು ಸ್ವಲ್ಪ ಕಾಲ ತಡೆದು, ದೇಶದ ಸಂಸ್ಥೆಗಳಿಗೆ ನ್ಯಾಯವಾದ ಬೆಲೆಗೆ ಕೊಳ್ಳುವ ಅವಕಾಶ ಕೊಡುತ್ತಾರೆ. ಯಾರೂ ಕೊಳ್ಳದಿದ್ದರೆ ಹೋಗಲು ಬಿಡುತ್ತಾರೆ. 110 ಕಿಲೋ ಸಾಧಾರಣ ಕಾಂಡ್ರೈಟಿನಲ್ಲಿ ಕೋಲ್ಕತ್ತಕ್ಕೆ, ರಾಜ್ಯದ ವಿಶ್ವವಿದ್ಯಾಲಯಗಳಿಗೆ, ಬಿದ್ದ ಊರಿನ ಶಾಲೆಗೆ ಕೊಟ್ಟು ಉಳಿದ ಚೂರು ಬೇರೆ ದೇಶಕ್ಕೆ ಪ್ರಮಾಣಪತ್ರದೊಂದಿಗೆ ಹೋದರೆ ನಮಗೆ ನಷ್ಟವಿಲ್ಲ. ಪ್ರಮಾಣಪತ್ರ ಸಿಗುವುದೇ ಇಲ್ಲ ಎಂದಾದರೆ ಅದೇ ಚೂರು ಯಾರದೋ ಚೀಲದಲ್ಲಿ, ಬಿದ್ದ ಊರು, ದಿನ ಯಾವುದೂ ಇಲ್ಲದೆ ಹೋಗುತ್ತದೆ.

ಕೇಂದ್ರ ಗಣಿ ಸಚಿವಾಲಯ 2022ರ ಡಿಸೆಂಬರಿನಲ್ಲಿ ಭೂಪರಂಪರೆಯ ತಾಣ ಮತ್ತು ಅವಶೇಷಗಳ ಕರಡು ಮಸೂದೆಯನ್ನು ಪ್ರಕಟಿಸಿತು. ಅದರಲ್ಲಿ ಅವಶೇಷ ಎಂದರೆ ಏನೆಂದು ಹೇಳುವಾಗ ಪಳೆಯುಳಿಕೆ, ಶಿಲೆ, ಖನಿಜಗಳ ಜೊತೆಗೆ ಉಲ್ಕೆಯ ಹೆಸರೂ ಇದೆ. ಅವನ್ನು ಪಡೆದುಕೊಳ್ಳುವ ಅಧಿಕಾರವನ್ನು ಜಿಎಸ್‌ಐಗೆ ಕೊಡುವ ಮಾತಿದೆ. ಆ ಅಧಿಕಾರದ ಪಕ್ಕದಲ್ಲೇ ಮೂರು ಕಟ್ಟಳೆಗಳನ್ನು ಸೇರಿಸಲು ಬೆಳಗಾವಿ, ಚಿಕ್ಕೋಡಿಯ ಸಂಸದರು ಕೇಳಬೇಕು. ಕಲ್ಲು ತಂದ ದಿನವೇ ತಹಶೀಲ್ದಾರ ಕಚೇರಿಯಲ್ಲಿ ತೂಕ, ಫೋಟೊ, ಬಿದ್ದ ಸರ್ವೆ ನಂಬರು, ತಂದವರ ಹೆಸರು ಬರೆದ ರಸೀದಿ. ಜಾತಿ ಗೊತ್ತಾದ ಮೇಲೆ ನಿಗದಿತ ತಿಂಗಳುಗಳೊಳಗೆ ಹುಡುಕಿದವನಿಗೂ ಹೊಲದವನಿಗೂ ಹಣ. ಇಬ್ಬರೂ ಬೇರೆಯಾದರೆ ಪಾಲು ಎಷ್ಟೆಂಬುದು ಕಾಯ್ದೆಯಲ್ಲೇ ಇರಲಿ, ಲಾವಣಿಯವನ ಪಾಲು ಸೇರಿ. ಜಿಎಸ್‌ಐ ಬೇಡವೆಂದು ಬಿಟ್ಟ ಚೂರಿಗೆ ಅದೇ ಸಂಸ್ಥೆಯ ಮೊಹರಿರುವ ರಫ್ತು ಪತ್ರ. ಬರುವ ಮಳೆಗಾಲದ ಅಧಿವೇಶನದೊಳಗೆ ಈ ಪ್ರಶ್ನೆಯನ್ನು ಬರಹದಲ್ಲಿ ಸಚಿವಾಲಯಕ್ಕೆ ಕಳಿಸಲು ಸಂಸದರಿಗೆ ಅಡ್ಡಿಯಾಗುವಂಥದ್ದು ಏನೂ ಇಲ್ಲ.